ಹರ್ನಿಯಾ ಜೊತೆಗೇ ಗಂಡಸರ ಆಪರೇಷನ್ನೂ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಬೆಲ್ಲದಚ್ಚು

ಎಲ್ಲರಿಗೂ ನಮಸ್ಕಾರ. ಹೆಸರು ಬೇಡ, ವಿಷಯ ಅಂಥದ್ದು.

ನಮ್ಮದು ಪಾಂಡವಪುರದ ಹತ್ತಿರ. ನನಗೆ 38. ಬಲಗಡೆ ತೊಡೆಸಂದಿನಲ್ಲಿ ಒಂದು ವರ್ಷದಿಂದ ಗಂಟು ಬರುತ್ತಿದೆ. ಬೆಳಗ್ಗೆ ಏಳುವಾಗ ಇರುವುದಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹೊರೆ ಎತ್ತಿ ಇಳಿಸಿ ಮಧ್ಯಾಹ್ನ ಆಗುವಷ್ಟರಲ್ಲಿ ನಿಂಬೆಹಣ್ಣಿನಷ್ಟು ಉಬ್ಬಿರುತ್ತದೆ. ಮಲಗಿ ಕೈಯಿಂದ ಒತ್ತಿದರೆ ಗುಳುಗುಳು ಅಂತ ಒಳಗೆ ಹೋಗುತ್ತದೆ. ಸ್ಕ್ಯಾನಿಂಗ್ ಆಯಿತು, ಹರ್ನಿಯಾ ಅಂದರು. ಆಪರೇಷನ್ ಮಾಡಿ ಮೆಶ್ ಹಾಕಬೇಕಂತೆ.

ಈಗ ಎರಡನೇ ವಿಷಯ. ನನಗೆ ಇಬ್ಬರು ಹೆಣ್ಣುಮಕ್ಕಳು. 7 ವರ್ಷ, 4 ವರ್ಷ. ಎರಡೂ ಸಿಸೇರಿಯನ್. ಎರಡನೆಯದು ಆದಾಗಲೇ ಹೆಂಡತಿಗೆ ಮುಂದೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಬಹುದಿತ್ತು. ನಮ್ಮವ್ವ "ಗಂಡೊಂದು ಆಗ್ಲಿ, ಇರು" ಅಂತ ತಡೆದರು. ನಾನೂ ಬಾಯಿ ಬಿಡಲಿಲ್ಲ. ಈಗ ಮತ್ತೆ ಅವಳ ಹೊಟ್ಟೆಗೆ ಕತ್ತರಿ ಹಾಕಿಸಲು ನನಗೆ ಮನಸ್ಸಿಲ್ಲ. ಹೇಗೂ ನಾನು ಟೇಬಲ್ ಮೇಲೆ ಮಲಗುವವನೇ, ನನ್ನದನ್ನೇ ಮುಗಿಸಿಬಿಡೋಣ ಅಂತ ಯೋಚನೆ.

ಒಂದು ನರ್ಸಿಂಗ್ ಹೋಮ್‌ನಲ್ಲಿ ಕೇಳಿದೆ. ಡಾಕ್ಟರ್ ತಲೆ ಎತ್ತದೆ "ಅದಕ್ಕೇನಂತೆ, ಅದೇ ಕೊಯ್ತದಲ್ಲೇ ನಾಳ ಕಟ್ ಮಾಡಿ ಕಟ್ಟಿಬಿಡ್ತೀನಿ, ಎರಡು ನಿಮಿಷದ ಕೆಲಸ" ಅಂದರು. ಅಷ್ಟು ಸುಲಭವಾಗಿ ಹೇಳಿದ್ದಕ್ಕೇ ಅನುಮಾನ ಬಂತು. ಹಂಗೆ ಮಾಡಬಹುದಾ? ಗೊತ್ತಿರುವವರು ಹೇಳಿ.

ಮಳವಳ್ಳಿ ಹುಡ್ಗ

ಒಂದು ಟಿಕೆಟ್‌ಗೆ ಎರಡು ಪಿಕ್ಚರ್ ಅಣ್ಣೋ.

ಬೆಲ್ಲದಚ್ಚು

ನಗು ಗುರು ನಗು. ನಿನಗೂ 38 ಆಗುತ್ತದೆ.

ಪಿಜಿ ಮೂರನೇ ವರ್ಷ

ನಾನು ಸರ್ಜರಿ ಓದುತ್ತಿದ್ದೇನೆ, ಮೈಸೂರಲ್ಲೇ. ನಿಮ್ಮನ್ನು ಪರೀಕ್ಷೆ ಮಾಡಿಲ್ಲ, ಹಾಗಾಗಿ ಸಾಮಾನ್ಯ ವಿಷಯ ಅಷ್ಟೇ ಹೇಳುತ್ತೇನೆ. ಕೊನೆ ಮಾತು ನಿಮ್ಮ ಸರ್ಜನ್‌ದು.

ಆ ಡಾಕ್ಟರ್ ಹೇಳಿದ್ದು ಅರ್ಧ ನಿಜ. ಹೊಲಿಗೆ ಬಿಟ್ಟ ಗೋಣಿಚೀಲ ನೋಡಿದ್ದೀರಲ್ಲ, ಹರ್ನಿಯಾ ಅಂದರೆ ಅದೇ. ಹೊಟ್ಟೆಯ ಗೋಡೆ ಸಡಿಲವಾದ ಕಡೆಯಿಂದ ಒಳಗಿನ ಕೊಬ್ಬೋ ಕರುಳೋ ಹೊರಗೆ ಇಣುಕುತ್ತದೆ. ಗಂಡಸರಿಗೆ ತೊಡೆಸಂದಿನಲ್ಲೇ ಯಾಕೆ ಜಾಸ್ತಿ? ಅಲ್ಲಿ ಮೊದಲೇ ಒಂದು ದಾರಿ ಇದೆ. ಹುಟ್ಟುವ ಮುಂಚೆ ವೃಷಣ ಹೊಟ್ಟೆಯಿಂದ ಕೆಳಗೆ ಇಳಿದು ಬಂದ ದಾರಿ ಅದು. ಅದರಲ್ಲಿ ಒಂದು ಹುರಿ ಹೋಗುತ್ತದೆ. ರಕ್ತನಾಳ, ನರ, ವೀರ್ಯನಾಳ ಎಲ್ಲ ಸೇರಿ ಹೊಸೆದ ಹಗ್ಗದ ಹಾಗೆ. ತೆರೆದು ಮಾಡುವ ಆಪರೇಷನ್‌ನಲ್ಲಿ ಆ ಹುರಿಯನ್ನು ಮೆತ್ತಗೆ ಎತ್ತಿ ಪಕ್ಕಕ್ಕೆ ಹಿಡಿದುಕೊಂಡೇ ಕೆಲಸ ಮಾಡುತ್ತೇವೆ. ಅಂದರೆ ವೀರ್ಯನಾಳ ಕಣ್ಣೆದುರೇ ಇರುತ್ತದೆ. ಕತ್ತರಿಸುವುದೇನೂ ಕಷ್ಟ ಅಲ್ಲ. ನಮ್ಮ ಮೇಷ್ಟ್ರು ಬೈಯುವುದೇ ಅದನ್ನು ತಪ್ಪಿ ಕತ್ತರಿಸಿಬಿಟ್ಟೀರಿ ಅಂತ.

ಆದರೆ ನಿಮಗೆ ಹರ್ನಿಯಾ ಇರುವುದು ಬಲಗಡೆ. ಆ ಕೊಯ್ತದಲ್ಲಿ ಸಿಗುವುದು ಬಲಗಡೆಯ ನಾಳ ಮಾತ್ರ. ಎಡಗಡೆದು? ಅದಕ್ಕೆ ಬೇರೆ ತೂತು ಬೇಕೇ ಬೇಕು. ನಾಳ ಎರಡಿದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರಲ್ಲ.

ಇನ್ನೊಂದು, ಆ ಜಾಗದಲ್ಲಿ ಕತ್ತರಿಸಿದರೆ ತುದಿಗಳು ಮೆಶ್‌ನ ಹತ್ತಿರವೇ ಉಳಿಯುತ್ತವೆ. ಮೆಶ್ ಅಂದರೆ ಪಾಲಿಪ್ರೊಪಿಲೀನ್ ಬಲೆ. ಅದರ ಕಣ್ಣುಗಳ ಮೂಲಕ ನಮ್ಮದೇ ಮಾಂಸ ಬೆಳೆದು ಗಟ್ಟಿ ಗಾಯದ ಪಟ್ಟಿ ಆಗಬೇಕು. 1980ರ ದಶಕದಲ್ಲಿ ಲಿಕ್ಟೆನ್‌ಸ್ಟೈನ್ ಅನ್ನುವ ಅಮೆರಿಕದ ಸರ್ಜನ್ ಎಳೆದು ಹೊಲಿಯುವುದು ಬಿಟ್ಟು ಈ ಬಲೆ ತೇಪೆ ಹಾಕುವುದನ್ನು ಬಳಕೆಗೆ ತಂದರು. ಆಮೇಲೆ ಹರ್ನಿಯಾ ಮರಳಿ ಬರುವುದು ಬಹಳ ಕಡಿಮೆಯಾಯಿತು. ಆದರೆ ಆ ಗಟ್ಟಿ ಪಟ್ಟಿಯೊಳಗೆ ಸಿಕ್ಕ ನಾಳವನ್ನು ಮುಂದೆ ಯಾವತ್ತಾದರೂ ಮತ್ತೆ ಜೋಡಿಸಬೇಕು ಅಂದರೆ ದೊಡ್ಡ ತಲೆನೋವು. ಕೆಳಗೆ ವೃಷಣದ ಚೀಲದ ಹತ್ತಿರ ಕತ್ತರಿಸಿದ್ದರೆ ತುದಿ ಹುಡುಕಿ ತಂದು ಜೋಡಿಸುವ ಅವಕಾಶವಾದರೂ ಇರುತ್ತದೆ.

ಹಾಗಾಗಿ ಒಂದೇ ಸಲಕ್ಕೆ ಎರಡೂ ಮಾಡಬಹುದು. ಒಂದೇ ಕೊಯ್ತದಲ್ಲಿ ಬೇಡ. ಹರ್ನಿಯಾಗೆ ಹರ್ನಿಯಾದ ಕೊಯ್ತ, ವಾಸೆಕ್ಟಮಿಗೆ, ಅಂದರೆ ಗಂಡಸರ ಆಪರೇಷನ್‌ಗೆ, ಚೀಲದ ಮಧ್ಯದಲ್ಲಿ ಸಣ್ಣ ತೂತು.

ಓಟಿ ಸಿಸ್ಟರ್

ಪಿಜಿ ಡಾಕ್ಟ್ರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ, ಯಾವುದು ಮೊದಲು ಅನ್ನುವುದು ಮುಖ್ಯ.

ಹರ್ನಿಯಾ ಮೊದಲು, ಮೆಶ್ ಇಟ್ಟು ಹೊಲಿದು ಬ್ಯಾಂಡೇಜ್ ಅಂಟಿಸಿ ಮುಚ್ಚಿದ ಮೇಲೆ ಕೆಳಗಿನ ಕೆಲಸ. ಚೀಲದ ಚರ್ಮ ಸುಕ್ಕುಸುಕ್ಕು, ಬೆವರುವ ಜಾಗ. ಎಷ್ಟು ಬೆಟಾಡಿನ್ ಬಳಿದರೂ ಹೊಟ್ಟೆ ಚರ್ಮದಷ್ಟು ಚೊಕ್ಕಟ ಆಗಲ್ಲ. ಅಲ್ಲಿ ಮುಟ್ಟಿದ ಗ್ಲೌಸ್‌ನಲ್ಲಿ ಮೆಶ್ ಮುಟ್ಟಬಾರದು. ಮೆಶ್‌ಗೆ ಕೀವು ಆದರೆ ಬರೀ ಮಾತ್ರೆಗೆ ಬಗ್ಗಲ್ಲ, ಕೆಲವೊಮ್ಮೆ ತೆಗೆದೇ ಹಾಕಬೇಕಾಗುತ್ತದೆ. ಎರಡನೆಯದಕ್ಕೆ ಗ್ಲೌಸ್, ಟ್ರೇ ಎಲ್ಲ ಬೇರೆ. ಕೆಲವು ಸರ್ಜನ್‌ಗಳು ಈ ಕಾರಣಕ್ಕೇ ಒಟ್ಟಿಗೆ ಮಾಡಲು ಒಪ್ಪುವುದಿಲ್ಲ. ಅದೂ ತಪ್ಪಲ್ಲ.

ಶುಗರ್ ಇದೆಯಾ? ಬೀಡಿ ಸಿಗರೇಟ್ ಇದೆಯಾ? ಕೆಮ್ಮು ಇದ್ದರೆ ಮೊದಲು ಅದನ್ನು ಸರಿ ಮಾಡಿಕೊಂಡು ಬನ್ನಿ. ಮಾರನೇ ದಿನ ಒಂದೊಂದು ಕೆಮ್ಮಿಗೂ ನೆನಪಾಗುತ್ತದೆ. ಇನ್ನೊಂದು, ಮನೆಯಲ್ಲಿ ಬ್ಲೇಡ್ ಹಿಡಿದು ಶೇವ್ ಮಾಡಿಕೊಂಡು ಬರಬೇಡಿ. ಗೀರಿಕೊಂಡು ಬಂದರೆ ಕೇಸ್ ಮುಂದಕ್ಕೆ ಹೋಗುತ್ತದೆ.

ಹೆಬ್ಬಾಳು ಶಿಫ್ಟ್

ನಾನು ಎರಡೂ ಮಾಡಿಸಿಕೊಂಡಿದ್ದೇನೆ, ಬೇರೆ ಬೇರೆಯಾಗಿ. ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ. ಹರ್ನಿಯಾ ಮೊದಲು ಆಯಿತು, ಕ್ಯಾಮೆರಾ ಹಾಕಿ ಮಾಡಿದರು, ಮೂರು ಸಣ್ಣ ತೂತು. ಅದಕ್ಕೆ ಪೂರ್ತಿ ಮತ್ತು ಬರಿಸಿದರು. ಒಂದೂವರೆ ವರ್ಷ ಬಿಟ್ಟು ಸರ್ಕಾರಿ ಆಸ್ಪತ್ರೆಯಲ್ಲಿ ವಾಸೆಕ್ಟಮಿ.

ನನ್ನ ಅಭಿಪ್ರಾಯ, ಒಟ್ಟಿಗೆ ಮಾಡಿಸುವ ಅಗತ್ಯವೇ ಇಲ್ಲ. ಈಗ ಮಾಡುವುದು ಎನ್‌ಎಸ್‌ವಿ, ಬ್ಲೇಡೇ ಇಲ್ಲದ ವಿಧಾನ. ಚೀನಾದಲ್ಲಿ 1974ರಲ್ಲಿ ಶುರುವಾಗಿದ್ದು. ಅಲ್ಲಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ನಾಳವನ್ನು ಚರ್ಮದ ಮೇಲಿಂದಲೇ ಬೆರಳಲ್ಲಿ ಹಿಡಿಯುತ್ತಾರೆ, ಚಡ್ಡಿ ಲಾಡಿ ಹಿಡಿದ ಹಾಗೆ. ಚೂಪು ಇಕ್ಕಳದಲ್ಲಿ ಒಂದು ತೂತು, ಅದರಲ್ಲೇ ಎರಡೂ ಕಡೆದನ್ನು ಹೊರಗೆಳೆದು ಕಟ್ಟಿ ಒಳಗೆ ಬಿಡುತ್ತಾರೆ. ಹೊಲಿಗೆ ಕೂಡ ಇಲ್ಲ. ನನಗೆ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಪಕ್ಕದ ರೂಮಿನಲ್ಲಿ ಯಾರೋ ಮೊಬೈಲಲ್ಲಿ ಕ್ರಿಕೆಟ್ ಕಾಮೆಂಟರಿ ಹಾಕಿದ್ದರು, ಅದನ್ನೇ ಕೇಳಿಸಿಕೊಂಡು ಮಲಗಿದ್ದೆ. ಇಷ್ಟು ಸಣ್ಣದಕ್ಕೆ ದೊಡ್ಡ ಆಪರೇಷನ್ ಜೊತೆ ಗಂಟು ಹಾಕುವುದೇಕೆ?

ಇನ್ನೊಂದು ಕಾರಣ ಇದೆ. ಹರ್ನಿಯಾ ಆದ ಮೇಲೆ ಕೆಲವರಿಗೆ ತೊಡೆಸಂದು ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ನನಗೇ ಎಂಟು ತಿಂಗಳು ಇತ್ತು. ವಾಸೆಕ್ಟಮಿ ಆದ ಮೇಲೂ ಕೆಲವೇ ಜನಕ್ಕೆ ಬೀಜದಲ್ಲಿ ನೋವು ಉಳಿಯುವುದುಂಟು. ಎರಡೂ ಒಂದೇ ದಿನ ಆದರೆ, ಮುಂದೆ ನೋವು ಬಂದಾಗ ಯಾವುದರದು ಅಂತ ಹೇಗೆ ಹೇಳುತ್ತೀರಿ?

ಪಿಜಿ ಮೂರನೇ ವರ್ಷ

ಈ ಪಾಯಿಂಟ್ ಗಟ್ಟಿಯಾಗಿದೆ. ಊತ ಬಂದರೂ ಅದೇ ಸಮಸ್ಯೆ. ಹರ್ನಿಯಾದ ರಕ್ತ ಕೆಳಗೆ ಇಳಿದು ಚೀಲ ಊದಬಹುದು, ವಾಸೆಕ್ಟಮಿ ಜಾಗದಲ್ಲೇ ರಕ್ತ ಸುರಿದು ಊದಬಹುದು.

ಬೆಲ್ಲದಚ್ಚು

ಹೆಬ್ಬಾಳು ಅಣ್ಣ, ನೀವು ಹೇಳುವುದು ಸರಿ. ಆದರೆ ನಿಜ ಹೇಳುತ್ತೇನೆ. ಹಳ್ಳಿಯಲ್ಲಿ ಹರ್ನಿಯಾ ಆಪರೇಷನ್ ಅಂದರೆ ಎಳನೀರು ತಂದು ಕೊಟ್ಟು ಮಾತಾಡಿಸಿ ಹೋಗುತ್ತಾರೆ. ಇನ್ನೊಂದಕ್ಕೆ ಅಂತ ಎರಡು ದಿನ ಮಲಗಿದರೆ ಅರಳಿಕಟ್ಟೆಯಲ್ಲಿ ಹಬ್ಬ. "ಅವನ ಕೆಲಸ ಮುಗೀತು ಕಣ್ಲಾ" ಅಂತಾರೆ. ಒಟ್ಟಿಗೆ ಆದರೆ ಯಾರಿಗೂ ಗೊತ್ತಾಗಲ್ಲ. ಎರಡನೇ ಸಲ ಹೋಗುವ ಧೈರ್ಯವೂ ನನಗೆ ಬರುವುದಿಲ್ಲ. ಅವ್ವಂಗಂತೂ ಹೇಳುವ ಹಾಗೇ ಇಲ್ಲ.

ಚಾಮರಾಜಪುರಂ ಅಕ್ಕ

ಅವ್ವಂಗೆ ಹೇಳಬೇಡಿ, ಅದು ನಿಮ್ಮಿಷ್ಟ. ಹೆಂಡತಿಗೆ ಹೇಳಿದ್ದೀರಾ? ಇಷ್ಟು ಉದ್ದ ಬರೆದಿದ್ದೀರಿ, ಅವಳು ಏನಂದಳು ಅಂತ ಒಂದು ಸಾಲೂ ಇಲ್ಲ.

ನನಗೂ ಎರಡು ಸಿಸೇರಿಯನ್, ಎರಡನೆಯದರಲ್ಲೇ ನನಗೇ ಆಪರೇಷನ್. ಯಾರೂ ಕೇಳಲಿಲ್ಲ. ಟೇಬಲ್ ಮೇಲೆ ಇದ್ದಾಗಲೇ ಫಾರಂ ತಂದರು, ಸಹಿ ಹಾಕಿದೆ. ನಮ್ಮನೆಯವರು ಹೊರಗೆ ಕಾಫಿ ಕುಡಿಯುತ್ತಿದ್ದರು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ಹೆಂಗಸರ ಆಪರೇಷನ್ ನೂರಕ್ಕೆ 37.9, ಗಂಡಸರದು 0.3. ನಮ್ಮ ಕರ್ನಾಟಕದಲ್ಲಿ ಹೆಂಗಸರದು ಅರ್ಧಕ್ಕಿಂತ ಜಾಸ್ತಿ. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ ನಿಂತಿದೆ. ನೀವು ಆ ಸೊನ್ನೆ ಪಕ್ಕದ ಚುಕ್ಕಿ. ಅದಕ್ಕೆ ಬೇಸರ ಏನೂ ಮಾಡಿಕೊಳ್ಳಬೇಡಿ.

ಬೆಲ್ಲದಚ್ಚು

ಅಕ್ಕ, ಹೇಳಿರಲಿಲ್ಲ. ಇವತ್ತು ರಾತ್ರಿ ಹೇಳುತ್ತೇನೆ.

ಹಳೇ ಅಂಬಾಸಿಡರ್

ನನಗೆ 66. ನಮ್ಮ ಕಾಲದ ಮಾತು ಸ್ವಲ್ಪ ಕೇಳಿ. ಎಮರ್ಜೆನ್ಸಿ ಟೈಮ್, 1976. ನಮ್ಮೂರಿಗೆ ಆರೋಗ್ಯ ಇಲಾಖೆ ಜೀಪ್ ಬಂತು ಅಂದರೆ ಗಂಡಸರೆಲ್ಲ ಕಬ್ಬಿನ ಗದ್ದೆ ಸೇರುತ್ತಿದ್ದರು. ನಮ್ಮ ದೊಡ್ಡಪ್ಪ ಒಂದಿಡೀ ರಾತ್ರಿ ಗದ್ದೆಯಲ್ಲಿ ಕೂತು ಸೊಳ್ಳೆ ಕಚ್ಚಿಸಿಕೊಂಡು ಬಂದರು. ಅವರಿಗೆ ಆಗಲೇ 60 ದಾಟಿತ್ತು, ಜೀಪಿನವರು ಅವರನ್ನು ಕೇಳುತ್ತಲೂ ಇರಲಿಲ್ಲ! ದೇಶದಲ್ಲಿ ಆ ಒಂದು ವರ್ಷದಲ್ಲಿ 80 ಲಕ್ಷಕ್ಕೂ ಜಾಸ್ತಿ ಆಪರೇಷನ್ ಆಯಿತು, ಬಹುಪಾಲು ಗಂಡಸರದೇ. ಆ ಹೆದರಿಕೆ ಹೋಗಲೇ ಇಲ್ಲ. ಆಮೇಲೆ ಸರ್ಕಾರವೂ ಹೆಂಗಸರ ಕಡೆ ತಿರುಗಿತು.

ಅದಕ್ಕೂ ಮುಂಚೆ, 1930ರಲ್ಲೇ, ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿದ್ದು ನಮ್ಮ ಮೈಸೂರು ಸರ್ಕಾರ. ಮಹಾರಾಜರ ಕಾಲದಲ್ಲಿ. ಅಂಥ ಸೀಮೆಯವರು ನಾವು. ಅರಳಿಕಟ್ಟೆಗೆ ಹೆದರಿದರೆ ಹೇಗಪ್ಪ?

ಮಳವಳ್ಳಿ ಹುಡ್ಗ

ಸೀರಿಯಸ್ಸಾಗಿ ಕೇಳುತ್ತೇನೆ. ಆಮೇಲೆ ಶಕ್ತಿ ಕಮ್ಮಿ ಆಗುತ್ತದಾ? ಹೊರೆ ಹೊರೋಕೆ ಆಗಲ್ಲ ಅಂತಾರೆ.

ಪಿಜಿ ಮೂರನೇ ವರ್ಷ

ಇಲ್ಲ. ಗಂಡಸುತನದ ಹಾರ್ಮೋನ್ ರಕ್ತದಲ್ಲಿ ಹೋಗುತ್ತದೆ, ಆ ನಾಳದಲ್ಲಿ ಅಲ್ಲ. ನಾಳದಲ್ಲಿ ಬರುವುದು ವೀರ್ಯಾಣು ಮಾತ್ರ. ಹೊರಬರುವ ವೀರ್ಯದಲ್ಲಿ ಅದರ ಪಾಲು ತೀರಾ ಚಿಕ್ಕದು, ಉಳಿದದ್ದು ಬೇರೆ ಗ್ರಂಥಿಗಳದು. ಹಾಗಾಗಿ ನೋಡಲು ವ್ಯತ್ಯಾಸವೇ ಗೊತ್ತಾಗಲ್ಲ. ತಯಾರಾದ ವೀರ್ಯಾಣು ಒಳಗೇ ಕರಗಿ ಹೋಗುತ್ತದೆ. ಹೊರೆ ಎತ್ತಬಾರದು ಅನ್ನುವುದು ಹರ್ನಿಯಾದ ಕಾರಣಕ್ಕೆ, ಅದೂ ಕೆಲವು ವಾರ ಮಾತ್ರ.

ಒಂದು ಎಚ್ಚರ, ಬೆಲ್ಲದಚ್ಚು ಅಣ್ಣ. ಆಪರೇಷನ್ ದಿನ ಬರುವ ಮುಂಚೆ ಆ ಗಂಟು ಒಳಗೆ ಹೋಗದೆ ಕಲ್ಲಿನಂತೆ ಗಟ್ಟಿಯಾಗಿ, ನೋವು, ವಾಂತಿ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಕರುಳು ಸಿಕ್ಕಿಹಾಕಿಕೊಂಡಿರುತ್ತದೆ. ರಾತ್ರಿಯೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಓಡಿ.

ಕ್ಲೇಮ್ ಕಂಠೀರವ

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. ನಾನು ಇನ್ಶೂರೆನ್ಸ್ ಲೈನ್‌ನವನು.

ಪ್ರೈವೇಟ್ ಪಾಲಿಸಿ ಇದ್ದರೆ, ಸಾಮಾನ್ಯವಾಗಿ ಹರ್ನಿಯಾಗೆ 24 ತಿಂಗಳು ಕಾಯುವ ಅವಧಿ ಇರುತ್ತದೆ. ಅದು ಮುಗಿದಿದೆಯಾ ನೋಡಿ. ಸಂತಾನಹರಣ ಆಪರೇಷನ್ ಬಹುತೇಕ ಪಾಲಿಸಿಗಳಲ್ಲಿ ಕವರ್ ಆಗುವುದಿಲ್ಲ, ಹೊರಗಿಟ್ಟ ಪಟ್ಟಿಯಲ್ಲಿ ಬರೆದೇ ಇರುತ್ತದೆ. ಡಿಸ್ಚಾರ್ಜ್ ಕಾಗದದಲ್ಲಿ ಎರಡೂ ಕಲಸಿ ಒಂದೇ ಮೊತ್ತ ಬರೆದರೆ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಬಿಲ್ ಕೇಳಿ. ಮುಚ್ಚಿಡುವುದಂತೂ ಬೇಡವೇ ಬೇಡ, ಕೇಸ್ ಶೀಟ್‌ನಲ್ಲಿ ಹೇಗೂ ಕಾಣುತ್ತದೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲೇ ವಿಚಾರಿಸಿ, ಹರ್ನಿಯಾ ಅಲ್ಲೇ ದಿನಾ ಮಾಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ವಾಸೆಕ್ಟಮಿ ಉಚಿತ, ಮೇಲೆ ಸ್ವಲ್ಪ ಪ್ರೋತ್ಸಾಹಧನವೂ ಉಂಟು. ಸರ್ಕಾರದ ನಿಯಮದ ಪ್ರಕಾರ ಗಂಡಸಿಗೆ 60 ದಾಟಿರಬಾರದು, ಒಂದು ವರ್ಷ ದಾಟಿದ ಒಂದು ಮಗುವಾದರೂ ಇರಬೇಕು. ಹೆಂಡತಿಯ ಸಹಿ ಕಾನೂನಿನಲ್ಲಿ ಕಡ್ಡಾಯ ಅಲ್ಲ. ಕೆಲವು ಕಡೆ ಕೇಳುತ್ತಾರೆ.

ಚಾಮರಾಜಪುರಂ ಅಕ್ಕ

ಸಹಿ ಕಡ್ಡಾಯ ಅಲ್ಲ, ಮಾತು ಕಡ್ಡಾಯ.

ಬೆಲ್ಲದಚ್ಚು (ಐದು ವಾರದ ನಂತರ)

ಬದುಕಿದ್ದೇನೆ. ಆಯಿತು, ಎರಡೂ.

ಮೊದಲು ಅಕ್ಕನಿಗೆ ಉತ್ತರ. ಅವತ್ತು ರಾತ್ರಿ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು. "ನಾನೇ ಮಾಡಿಸ್ಕೊಳೋಣ ಅಂತ ಆಶಾ ಅಕ್ಕನ ಹತ್ರ ಕೇಳಿ ಬಂದಿದ್ದೆ" ಅಂದಳು. ಅವಳು ಹೋಗಿದ್ದು ನನಗೆ ಗೊತ್ತಿಲ್ಲ, ನನ್ನ ಯೋಚನೆ ಅವಳಿಗೆ ಗೊತ್ತಿಲ್ಲ. ಮತ್ತೆ ನಲ್ಲಿ ತಿರುಗಿಸಿ, "ಕಾಗದ ಎಲ್ಲ ನನ್ನ ಕೈಗೆ ಕೊಡಿ, ನೀವು ಕಳಕೋತೀರಿ" ಅಂದಳು.

ಡಾಕ್ಟರ್ ಬದಲಾಯಿಸಿದೆ. ಮೈಸೂರಿನಲ್ಲಿ ಇನ್ನೊಬ್ಬರ ಹತ್ತಿರ ಹೋದೆ. ಪಿಜಿ ಡಾಕ್ಟ್ರು ಹೇಳಿದ್ದನ್ನೇ ಅವರೂ ಹೇಳಿದರು. "ಒಟ್ಟಿಗೆ ಮಾಡ್ತೀನಿ. ಹರ್ನಿಯಾ ಹೊತ್ತಿನಲ್ಲಿ ಕರುಳಿನ ಸ್ಥಿತಿ ಕೆಟ್ಟಿದ್ದರೆ, ರಕ್ತ ಜಾಸ್ತಿ ಹೋದರೆ, ಎರಡನೆಯದು ಮಾಡಲ್ಲ. ಏಳುವಾಗ ಒಂದೇ ಆಗಿದ್ದರೆ ನನ್ನ ಬೈಬೇಡಿ" ಅಂದರು. ಎರಡಕ್ಕೂ ಬೇರೆ ಬೇರೆ ಒಪ್ಪಿಗೆ ಫಾರಂ, ಎರಡು ಸಹಿ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಕಾಲು ನನ್ನದಲ್ಲ ಅನ್ನಿಸಿತು, ಯಾರೋ ಬೇರೆಯವರ ಕಾಲು ಪಕ್ಕದಲ್ಲಿ ಇಟ್ಟ ಹಾಗೆ. ಪರದೆ ಆಚೆ ಮಾತಾಡಿಕೊಳ್ಳುತ್ತಿದ್ದರು. "ಗ್ಲೌಸ್ ಚೇಂಜ್" ಅಂದಿದ್ದು ಕೇಳಿಸಿತು. ಸಿಸ್ಟರ್, ನಿಮ್ಮ ನೆನಪಾಯಿತು. ಸಂಜೆ ಮೂತ್ರ ಬರಲಿಲ್ಲ, ಅದೇ ದೊಡ್ಡ ಫಜೀತಿ. ನಲ್ಲಿ ಬಿಟ್ಟು ಶಬ್ದ ಕೇಳಿಸಿದರು, ನಿಲ್ಲಿಸಿದರು, ಕೊನೆಗೆ ರಾತ್ರಿ ಒಂಬತ್ತಕ್ಕೆ ಬಂತು.

ಮೂರನೇ ದಿನ ಸ್ನಾನಕ್ಕೆ ಹೋಗಿ ನೋಡಿದರೆ ಎದೆ ಧಸಕ್ ಅಂತು. ಕೆಳಗೆಲ್ಲ ಬದನೆಕಾಯಿ ಬಣ್ಣ. ಫೋಟೋ ತೆಗೆದು ಡಾಕ್ಟರ್‌ಗೆ ಕಳಿಸಲೋ ಬೇಡವೋ ಅಂತ ಅರ್ಧ ಗಂಟೆ ಕೂತೆ. ಕಳಿಸಿದೆ. "ಗಟ್ಟಿಯಾಗಿ ಊದುತ್ತಾ ಹೋಗ್ತಿದೆಯಾ? ಜ್ವರ ಇದೆಯಾ?" ಕೇಳಿದರು. ಇಲ್ಲ ಅಂದೆ. "ಬಿಗಿ ಚಡ್ಡಿ ಹಾಕಿ, ಮಲಗಿ, ಹತ್ತು ದಿನದಲ್ಲಿ ಹಸಿರಾಗಿ ಹಳದಿಯಾಗಿ ಹೋಗುತ್ತೆ" ಅಂದರು. ಹಾಗೇ ಹೋಯಿತು. ಈಗ ತೊಡೆಸಂದಿನಲ್ಲಿ ಅಂಗೈಯಗಲ ಜಾಗ ಮುಟ್ಟಿದರೆ ಗೊತ್ತಾಗಲ್ಲ, ಜೋಮು ಹಿಡಿದ ಹಾಗಿದೆ. ಅದು ಹರ್ನಿಯಾದ್ದಂತೆ.

ಬಂದವರೆಲ್ಲ ಎಳನೀರು ತಂದರು. 23 ಎಳನೀರು, ಮಕ್ಕಳು ಎಣಿಸಿದ್ದು.

ಹೆಬ್ಬಾಳು ಶಿಫ್ಟ್

ಅಣ್ಣ, ಒಂದು ಮಾತು. ಆಪರೇಷನ್ ಆಯಿತು ಅಂತ ಬಿಟ್ಟುಬಿಡಬೇಡಿ. ಮೂರು ತಿಂಗಳು ನಿರೋಧ್ ಬೇಕೇ ಬೇಕು. ಕತ್ತರಿಸಿದ ಜಾಗದ ಆಚೆ ಮೊದಲೇ ಇದ್ದ ವೀರ್ಯಾಣು ಖಾಲಿ ಆಗಬೇಕಲ್ಲ, ಪೈಪಿನಲ್ಲಿ ಉಳಿದ ನೀರಿನ ಹಾಗೆ. ಮೂರು ತಿಂಗಳಾದ ಮೇಲೆ ಟೆಸ್ಟ್ ಮಾಡಿಸಿ, ಸೊನ್ನೆ ಅಂತ ಕಾಗದ ಕೈಗೆ ಬಂದ ಮೇಲೆ ನಿಲ್ಲಿಸಿ. ನಮ್ಮ ಫ್ಯಾಕ್ಟರಿಯಲ್ಲೇ ಒಬ್ಬರು ಟೆಸ್ಟ್ ಮಾಡಿಸದೆ ಮೂರನೇ ಮಗುವಿಗೆ ನಾಮಕರಣ ಮಾಡಿದರು. ಸುಮ್ನೆ ಪಾಪ ಆ ಹೆಂಗಸಿನ ಮೇಲೆ ಅನುಮಾನ ಪಟ್ಟರು ಬೇರೆ.

ಪಿಜಿ ಮೂರನೇ ವರ್ಷ

ಹೌದು. ಸೊನ್ನೆ ಬಂದ ಮೇಲೂ ನಾಳ ತಾನಾಗಿ ಕೂಡಿಕೊಳ್ಳುವುದು ತೀರಾ ಅಪರೂಪಕ್ಕೆ ಉಂಟು, ಸುಮಾರು 2,000ಕ್ಕೆ ಒಂದು. ಟೆಸ್ಟ್ ಮಾಡಿಸದೆ ಇರುವುದೇ ದೊಡ್ಡ ಅಪಾಯ.

ಬೆಲ್ಲದಚ್ಚು (ನಾಲ್ಕೂವರೆ ತಿಂಗಳ ನಂತರ)

ಮೂರು ತಿಂಗಳಿಗೆ ಮಾಡಿಸಿದ ಟೆಸ್ಟ್‌ನಲ್ಲಿ ಒಂದೆರಡು ಕಂಡವು, ಚಲನೆ ಇಲ್ಲ ಅಂತ ಬರೆದಿದ್ದರು. ಇನ್ನೊಂದು ತಿಂಗಳು ಬಿಟ್ಟು ಬನ್ನಿ ಅಂದರು. ಮೊನ್ನೆ ಮತ್ತೆ ಮಾಡಿಸಿದೆ. "ವೀರ್ಯಾಣು ಕಂಡುಬಂದಿಲ್ಲ." ಕಾಗದ ಅವಳ ಟ್ರಂಕ್‌ನಲ್ಲಿ ಮಕ್ಕಳ ಜನನ ಪತ್ರದ ಜೊತೆ ಇದೆ.

ಅವ್ವಂಗೆ ಗೊತ್ತಾಗಿದೆ ಅನ್ನಿಸುತ್ತದೆ. ಯಾರು ಹೇಳಿದರೋ. ಹೋದ ವಾರ ದೊಡ್ಡವಳಿಗೆ ಸೈಕಲ್ ಕೊಡಿಸು ಅಂತ ದುಡ್ಡು ಕೊಟ್ಟರು. ಗಂಡುಮಗು ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಮದ್ದೂರ್ ಲೋಕಲ್

ಅಣ್ಣ, ಇವತ್ತೇ ಇದನ್ನೆಲ್ಲ ಓದಿದೆ. ನನ್ನದು ಎಡಗಡೆ ಹರ್ನಿಯಾ, ಮುಂದಿನ ತಿಂಗಳು ಡೇಟ್ ಕೊಟ್ಟಿದ್ದಾರೆ. ಆ ಟೆಸ್ಟ್‌ಗೆ ಸ್ಯಾಂಪಲ್ ಮನೆಯಿಂದ ತೆಗೆದುಕೊಂಡು ಹೋಗಬಹುದಾ? ಲ್ಯಾಬ್‌ನ ಬಾತ್‌ರೂಮಿನಲ್ಲಿ ನನ್ನ ಕೈಲಿ ಆಗಲ್ಲ.

ಬೆಲ್ಲದಚ್ಚು

ಆಗುತ್ತದೆ. ಡಬ್ಬಿ ಮೊದಲೇ ಲ್ಯಾಬ್‌ನಿಂದ ತಂದಿಟ್ಟುಕೊಳ್ಳಿ, ಮನೆಯ ಬಾಟಲಿ ಬೇಡ. ಒಂದು ಗಂಟೆಯೊಳಗೆ ಮುಟ್ಟಿಸಬೇಕು, ಆರಿ ತಣ್ಣಗಾಗಬಾರದು. ನಾನು ಬನಿಯನ್ ಒಳಗೆ ಹೊಟ್ಟೆಗೆ ಒತ್ತಿಕೊಂಡು ಬೈಕಲ್ಲಿ ಹೋದೆ. ಮೊದಲ ಸಲ ಸೋಮವಾರ ಹೋಗಿ ಕ್ಯೂನಲ್ಲಿ ಮುಕ್ಕಾಲು ಗಂಟೆ ನಿಂತು ಹಾಳಾಯಿತು, ವಾಪಸ್ ಬಂದೆ. ಮಂಗಳವಾರ ಬೆಳಗ್ಗೆ ಏಳೂವರೆಗೆ ಹೋಗಿ, ಖಾಲಿ ಇರುತ್ತದೆ.